ಪದಚರ್ಚೆ: ‘ಸಬ್‌ಸರ್ಫೇಸ್ ಸ್ಕ್ಯಾಟರಿಂಗ್’ಗೆ ಕನ್ನಡ, ನಾಳೆ ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಬ್ಲೆಂಡರ್ ಎಂಬ ಮೂರು ಆಯಾಮದ ಚಿತ್ರ ತಂತ್ರಾಂಶದಲ್ಲಿ ಮನುಷ್ಯಾಕೃತಿ ಮಾಡುವುದನ್ನು ಕಲಿಸುವ ಕೈಪಿಡಿಯೊಂದರ ಗೋಡೆಪಟ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಎರಡು ಪದಗಳು ಬಗೆಹರಿದಿಲ್ಲ.

ಒಂದು, ಸಬ್‌ಸರ್ಫೇಸ್ ಸ್ಕ್ಯಾಟರಿಂಗ್. ಚರ್ಮಕ್ಕೆ ಬಿದ್ದ ಬೆಳಕು ಅಲ್ಲೇ ಪುಟಿಯದೆ ಒಳಹೊಕ್ಕು, ಅತ್ತಿತ್ತ ಚೆಲ್ಲಾಡಿ, ಹೊಕ್ಕ ಜಾಗದಿಂದ ತುಸು ಆಚೆ ಹೊರಬರುವುದು. ಕಿವಿಯ ಹಿಂದೆ ದೀಪ ಹಿಡಿದರೆ ಕಿವಿ ಕೆಂಪಗೆ ಹೊಳೆಯುವುದು ಇದರಿಂದಲೇ. ಕರಡಿನಲ್ಲಿ ‘ಉಪಮೇಲ್ಮೈ ಚದುರುವಿಕೆ’ ಎಂದಿದೆ.

ಎರಡು, ವೇಟ್ ಪೇಂಟಿಂಗ್. ಆಕೃತಿಯ ಯಾವ ಭಾಗ ಒಳಗಿನ ಯಾವ ಮೂಳೆಯೊಂದಿಗೆ ಅಲುಗಬೇಕು ಎಂದು ಬಣ್ಣ ಬಳಿದು ಗುರುತಿಸುವುದು. ಕರಡಿನಲ್ಲಿ ‘ತೂಕ ಬಳಿಯುವುದು’. ಕರಡು ತಿದ್ದುವವರು ನಕ್ಕು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ.

ಪಟದಲ್ಲಿ ಜಾಗ ಕಮ್ಮಿ; ಹತ್ತು ಹನ್ನೆರಡು ಅಕ್ಷರ ದಾಟುವಂತಿಲ್ಲ.
– ಸು.

*

‘ಉಪಮೇಲ್ಮೈ’ ಸಂಸ್ಕೃತ, ಕನ್ನಡ ಬೆರೆತ ಅರಿಸಮಾಸ. ವ್ಯಾಕರಣಕಾರ ಕೇಶಿರಾಜ ಬಿರುದಾವಳಿಗೆ ವಿನಾಯಿತಿ ಕೊಟ್ಟಿದ್ದಾನೆ, ಗೋಡೆಪಟಕ್ಕಲ್ಲ. ‘ಉಪತಲ ಪ್ರಕೀರ್ಣನ’ ಎಂದು ಹಾಕಿ ಮುಗಿಸಿ. ಹಿಂದಿಯ ಭೌತಶಾಸ್ತ್ರದಲ್ಲಿ ಪ್ರಕೀರ್ಣನ ಆಗಲೇ ಇದೆ. ಭಾರತೀಯ ಭಾಷೆಗಳಿಗೆಲ್ಲ ಒಂದೇ ಪರಿಭಾಷೆ ಇದ್ದರೆ ಲಾಭವೇ.
– ವೆಂ.

*

> ‘ಉಪತಲ ಪ್ರಕೀರ್ಣನ’ ಎಂದು ಹಾಕಿ ಮುಗಿಸಿ

ಬೇಡ. ಕನ್ನಡದಲ್ಲಿ ಪ್ರಕೀರ್ಣ ಅಂದರೆ ಯಾವ ವಿಭಾಗಕ್ಕೂ ಸೇರದ ಬಿಡಿ ಬರಹಗಳ ಗಂಟು. ನಮ್ಮ ಶಾಲಾ ಪಠ್ಯದಲ್ಲಿ ಸ್ಕ್ಯಾಟರಿಂಗ್‌ಗೆ ‘ಚದುರುವಿಕೆ’ ಎಂದು ಮಕ್ಕಳು ಓದಿಕೊಂಡು ಬಂದಿರುತ್ತಾರೆ.

‘ಉಪ’ವನ್ನು ಬಿಡಲು ಇನ್ನೂ ದೊಡ್ಡ ಕಾರಣವಿದೆ. ಬ್ಲೆಂಡರ್‌ನಲ್ಲಿ ‘ಸಬ್‌ಡಿವಿಷನ್ ಸರ್ಫೇಸ್’ ಎಂಬ ಮಾಡಿಫೈಯರ್ (ಆಕಾರ ಮಾರ್ಪಡಿಸುವ ಸಾಧನ) ಇದೆ, ಎಲ್ಲರ ಬಾಯಲ್ಲೂ ಅದು ‘ಸಬ್‌ಸರ್ಫ್’. ಆಕೃತಿಯ ಮೇಲ್ಮೈಯಾದ ಜಾಲರಿಯ ಒಂದೊಂದು ಚೌಕವನ್ನೂ ನಾಲ್ಕಾಗಿ ಸೀಳಿ ನುಣುಪು ಮಾಡುತ್ತದೆ. ಮಟ್ಟ 2ಕ್ಕೆ ಇಟ್ಟರೆ ಒಂದು ಚೌಕ 16 ಆಗುತ್ತದೆ. ಬೆಳಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಇಂಗ್ಲಿಷಿನಲ್ಲೇ ಕಲಿಯುವವರು ಇವೆರಡನ್ನು ಗೊಂದಲ ಮಾಡಿಕೊಳ್ಳುತ್ತಾರೆ. ನೀವು ಒಂದಕ್ಕೆ ಉಪತಲ, ಇನ್ನೊಂದಕ್ಕೆ ಉಪವಿಭಜಿತ ತಲ ಎಂದರೆ ಆ ಗೊಂದಲವನ್ನೂ ಅನುವಾದ ಮಾಡಿದ ಹಾಗಾಯಿತು.
– ಮಂ.

*

ಬೇರೆ ನುಡಿಗೆ ಹೋಗುವ ಮೊದಲು ಮನೆಯೊಳಗೆ ನೋಡಬೇಕಿತ್ತು. ತಮಿಳಿನ ತೋಲ್, ತೆಲುಗಿನ ತೋಲು, ನಮ್ಮ ತೊಗಲು, ಎಲ್ಲ ಒಂದೇ ಬೇರು. ತೊಗಲುಗೊಂಬೆ ಮಾಡುವವರು ಆಡಿನ ತೊಗಲನ್ನು ಹೆರೆದು ತೆಳು ಮಾಡಿ, ಬಣ್ಣ ಹಚ್ಚಿ, ಹಿಂದೆ ದೀಪ ಇಡುತ್ತಾರೆ. ಕಂಪ್ಯೂಟರ್ ಹುಟ್ಟುವ ಮೊದಲೇ ನಮ್ಮವರಿಗೆ ಈ ಅರಿಮೆ ಇತ್ತು. ‘ತೊಗಲುಬೆಳಕು’ ಎನ್ನಿ. ಸಂಸ್ಕ್ರುತವೂ ಬೇಡ, ಮಹಾಪ್ರಾಣವೂ ಬೇಡ.
– ಕಿ.

*

ಕಿ. ಅವರೇ, ಉದಾಹರಣೆ ಚೆನ್ನಾಗಿದೆ, ಆದರೆ ತಪ್ಪು. ಗೊಂಬೆಯ ಹಾಳೆಯಂಥ ತೊಗಲಿನಲ್ಲಿ ನಾವು ನೋಡುವುದು ಹಿಂದಿನಿಂದ ಹಾಯ್ದು ಬಂದ ಬೆಳಕು. ಅದಕ್ಕೆ ಬೇರೆಯೇ ಶೇಡರ್ (ಬಿದ್ದ ಬೆಳಕಿಗೆ ಮೇಲ್ಮೈ ಹೇಗೆ ಕಾಣಬೇಕೆಂಬ ಸೂತ್ರ) ಇದೆ, ಟ್ರಾನ್ಸ್‌ಲುಸೆಂಟ್. ಎಲೆ, ಕಾಗದ, ಪರದೆಗೆ ಹಾಕುವುದು. ‘ಅರೆಪಾರದರ್ಶಕ’ ಎಂಬ ಪದ ಅದಕ್ಕೇ ಮೀಸಲಾಗಿರಲಿ. ಚರ್ಮದಲ್ಲಿ ಹಾಗಲ್ಲ. ಕೆನ್ನೆಗೆ ಎದುರಿನಿಂದ ಬಿದ್ದ ಬೆಳಕು ಒಳಗೆ ಪಕ್ಕಕ್ಕೂ ಹರಿದು ಎದುರಿಗೇ ಮರಳುತ್ತದೆ. ಕೆಂಪು ಹೆಚ್ಚು ದೂರ ಹೋಗುತ್ತದೆ, ನೀಲಿ ಬೇಗ ಅಡಗುತ್ತದೆ. ಮೂಗಿನ ನೆರಳಿನ ಅಂಚು ಕೆಂಪಾಗಿ ಮೆತ್ತಗಾಗುವುದು ಅದರಿಂದ. ಅಲ್ಲದೆ ಹಾಲು, ಮೇಣ, ಅಮೃತಶಿಲೆಗೂ ಇದೇ ಗುಂಡಿ. ಹಾಲಿನ ಲೋಟಕ್ಕೆ ‘ತೊಗಲುಬೆಳಕು’ ಹಾಕಿ ಎಂದು ಬರೆಯುತ್ತೀರಾ?

ನನ್ನ ಮತ: ಒಳಚದುರಿಕೆ. ಆರೇ ಅಕ್ಷರ. ‘ಚದರಿಕೆ’ ಎಂದು ಮಾತ್ರ ಬರೆಯಬೇಡಿ, ಚದರ ಅಡಿಯ ಲೆಕ್ಕ ಎಂದುಕೊಂಡಾರು.

ಸು. ಮೇಡಂ, ಪಟದಲ್ಲಿ ಅಂಕಿಗಳನ್ನೂ ಕೊಡುವುದಾದರೆ ಒಂದು ಮಾತು. ಬೆಳಕು ಒಳಗೆ ಎಷ್ಟು ದೂರ ಹರಿಯಬೇಕೆಂಬ ಅಳತೆ ಸ್ಕೇಲ್; ಅದರಲ್ಲಿ ಒಂದೊಂದು ಬಣ್ಣದ ಪಾಲು ರೇಡಿಯಸ್. ಬ್ಲೆಂಡರ್ 4ರಲ್ಲಿ ತಾನಾಗಿ ಬರುವ ಸ್ಕೇಲ್ 0.05 ಮೀಟರ್, ರೇಡಿಯಸ್ ಕೆಂಪಿಗೆ 1.0, ಹಸಿರಿಗೆ 0.2, ನೀಲಿಗೆ 0.1. ಎರಡನ್ನೂ ಗುಣಿಸಿದರೆ ಕೆಂಪು ಬೆಳಕು 5 ಸೆಂ.ಮೀ. ಹರಿಯುತ್ತದೆ ಎಂದಾಯಿತು. ಮನುಷ್ಯರ ಮುಖಕ್ಕೆ ಅದು ವಿಪರೀತ. ಮೂಗು, ತುಟಿ ಮೇಣದಬತ್ತಿಯಂತಾಗುತ್ತವೆ. 2001ರಲ್ಲಿ ಗಣಕಚಿತ್ರ ಸಂಶೋಧಕರಾದ ಯೆನ್ಸನ್, ಮಾರ್ಶ್‌ನರ್, ಲೆವಾಯ್, ಹ್ಯಾನ್ರಹನ್ ಪ್ರಕಟಿಸಿದ ಅಳತೆಗಳಲ್ಲಿ ಚರ್ಮದ ಒಂದು ಮಾದರಿಗೆ ಕೆಂಪು ಸುಮಾರು 3.7, ಹಸಿರು 1.4, ನೀಲಿ 0.7 ಮಿ.ಮೀ. ಬರುತ್ತದೆ. ಸ್ಕೇಲ್ 0.004ರ ಆಸುಪಾಸಿಗೆ ಇಳಿಸಿ, ರೇಡಿಯಸ್ 1, 0.37, 0.19 ಕೊಟ್ಟು ಶುರು ಮಾಡಲಿ. ಆಕೃತಿಯ ಎತ್ತರ ದೃಶ್ಯದಲ್ಲಿ ನಿಜಕ್ಕೂ 1.7 ಮೀಟರ್ ಇದೆಯೇ ಎಂದು ಮೊದಲು ನೋಡಬೇಕು. ಬೇರೆ ತಂತ್ರಾಂಶದಿಂದ ಸೆಂಟಿಮೀಟರ್ ಲೆಕ್ಕದಲ್ಲಿ ಬಂದು 170 ಮೀಟರ್ ನಿಂತಿದ್ದರೆ ಒಳಚದುರಿಕೆ ಕಾಣುವುದೇ ಇಲ್ಲ, ಮುಖ ಸುಣ್ಣದ ಗೋಡೆ.
– ಮಂ.

*

ಎರಡನೆಯ ಪದಕ್ಕೆ ಯಾರೂ ಬರಲಿಲ್ಲವಲ್ಲ.

ಇಲ್ಲಿ ವೇಟ್ ಅಂದರೆ ತೂಕವಲ್ಲ. ಜಾಲರಿಯ ಒಂದು ಬಿಂದುವಿನ ಮೇಲೆ, ಆಕೃತಿಯನ್ನು ಆಡಿಸಲು ಒಳಗಿಟ್ಟ ಯಾವ ಮೂಳೆಗೆ ಎಷ್ಟು ಅಧಿಕಾರ ಎಂಬ ಪಾಲು. ಮೊಣಕೈ ಹತ್ತಿರದ ಬಿಂದುವಿಗೆ ಮೇಲ್ತೋಳಿನ ಮೂಳೆಯಿಂದ 0.6, ಮುಂದೋಳಿನದರಿಂದ 0.4; ಕೂಡಿದರೆ 1 ಬರಬೇಕು. ಬ್ಲೆಂಡರ್‌ನಲ್ಲಿ ಪೂರ್ತಿ 1 ಇದ್ದಲ್ಲಿ ಕೆಂಪು, 0 ಇದ್ದಲ್ಲಿ ನೀಲಿ. ಹಿಡಿತ ಎನ್ನಿ. ‘ಹಿಡಿತ ಬಳಿಯುವುದು’. ಪಾಲು ಎಂದೂ ಅನ್ನಬಹುದು, ಆದರೆ ‘ಈ ಬಿಂದು ಯಾರ ಹಿಡಿತದಲ್ಲಿದೆ’ ಎಂದು ಕೇಳಿದರೆ ತಪ್ಪು ತಕ್ಷಣ ಸಿಗುತ್ತದೆ. ಕೈಯೆತ್ತಿದಾಗ ಪಕ್ಕೆಯ ಚರ್ಮವೂ ಎದ್ದು ಬಂದರೆ, ಪಕ್ಕೆಯ ಬಿಂದುಗಳು ತೋಳಿನ ಹಿಡಿತದಲ್ಲಿವೆ ಎಂದೇ ಅರ್ಥ.

ಮುಂಗೈ ತಿರುಗಿಸಿದಾಗ ಮಣಿಕಟ್ಟು ಹಿಂಡಿದ ಬಟ್ಟೆಯ ಹಾಗೆ ಸಣ್ಣಗಾಗುತ್ತದಲ್ಲ, ಅದು ಹಿಡಿತ ತಪ್ಪಿ ಬಳಿದದ್ದರಿಂದಲ್ಲ. ಎರಡು ತಿರುವುಗಳ ನೇರ ಸರಾಸರಿ ತೆಗೆಯುವ ಲೆಕ್ಕದ ದೋಷ. ಮುಂದೋಳಿನುದ್ದಕ್ಕೂ ಎರಡು ಮೂರು ತಿರುಚು ಮೂಳೆ ಇಟ್ಟು ತಿರುವನ್ನು ಹಂಚಬೇಕು. ‘ಪ್ರಿಸರ್ವ್ ವಾಲ್ಯೂಮ್’ (ಗಾತ್ರ ಉಳಿಸು) ಎಂಬ ಆಯ್ಕೆಗೆ ಗುರುತು ಹಾಕಿದರೂ ಸರಿಹೋಗುತ್ತದೆ, ಆದರೆ ಆಗ ಮಡಚಿದ ಮೊಣಕೈ ಊದಿಕೊಳ್ಳುತ್ತದೆ.

ಈ ಮೂಳೆಗಳ ಇಡೀ ಚೌಕಟ್ಟಾದ ರಿಗ್‌ಗೆ ‘ಕೀಲುಕಟ್ಟು’ ಎನ್ನಬಹುದು. ಕೀಲುಗೊಂಬೆ ಎಲ್ಲರಿಗೂ ಗೊತ್ತು.
– ಗೌ.

*

‘ಒಳಚದುರಿಕೆ’, ‘ಹಿಡಿತ’, ‘ಕೀಲುಕಟ್ಟು’. ಇದು ಪರಿಭಾಷೆಯೋ ಅಡುಗೆಮನೆ ಮಾತೋ? ನಾಳೆ ‘ಒಳಚದುರಿಕೆಯ ಗುಣಾಂಕ’ ಬೇಕಾದಾಗ ಅರಿಸಮಾಸಕ್ಕೇ ಬರುತ್ತೀರಿ.
– ವೆಂ.

*

ಅದು ವಿಭಕ್ತಿ ಇರುವ ಪದಪುಂಜ, ಸಮಾಸವೇ ಅಲ್ಲ. ಇನ್ನು ಅರಿಸಮಾಸಗಳೇ ಆದ ‘ಅತಿನೇರಳೆ’, ‘ಅವಕೆಂಪು’ ಪಠ್ಯದಲ್ಲಿ ಹಾಯಾಗಿವೆ. ಯಾವ ಮಗುವೂ ಕೇಶಿರಾಜನ ಹತ್ತಿರ ದೂರು ಒಯ್ದಿಲ್ಲ.
– ಮಂ.

*

‘ರೆಂಡರ್’ (ದೃಶ್ಯವನ್ನು ಚಿತ್ರವಾಗಿಸುವುದು) ಮಾತ್ರ ಹಾಗೇ ಉಳಿಯಿತು, ಯಾರಿಗೂ ನೋವಿಲ್ಲ! ‘ಮೂಡಿಸು’ ಇದೆಯಲ್ಲ? ಎರವಲು ತರುವಾಗ ಇಂಗ್ಲಿಶಿಗೆ ಒಂದು ಅಳತೆ, ಸಂಸ್ಕ್ರುತಕ್ಕೆ ಒಂದು ಅಳತೆಯೇ?
– ಕಿ.

*

ಗುಂಡಿಯ ಮೇಲೆ ‘ರೆಂಡರ್’ ಎಂದೇ ಬರೆದಿದೆ. ಕಲಿಯುವವರು ಹುಡುಕಬೇಕಾದದ್ದು ಅದನ್ನೇ. ವಿವರಣೆಯ ವಾಕ್ಯದಲ್ಲಿ ‘ಚಿತ್ರ ಮೂಡಲು ಎಷ್ಟು ಹೊತ್ತು’ ಎಂದು ಧಾರಾಳವಾಗಿ ಬರೆಯಿರಿ, ಬೇಡವೆಂದವರಾರು.
– ಗೌ.

*

ಎಲ್ಲರಿಗೂ ಧನ್ಯವಾದ. ‘ಒಳಚದುರಿಕೆ’, ‘ಹಿಡಿತ ಬಳಿಯುವುದು’ ಹಾಕಿದ್ದೇನೆ. ಕೆಳಗೆ ಚಿಕ್ಕದಾಗಿ ಇಂಗ್ಲಿಷಿನ ಹೆಸರು ಕನ್ನಡ ಲಿಪಿಯಲ್ಲಿದೆ. ‘ಕೀಲುಕಟ್ಟು’ ಕೈಪಿಡಿಯೊಳಗೆ ಬರುತ್ತದೆ. ಸ್ಕೇಲ್ 0.004 ಎಂದು ಪಟದಲ್ಲೂ ಸೇರಿಸಿದೆ.
– ಸು.

*

ಅಂಕಿಯ ಮುಂದೆ ‘ಮೀ.’ ಎಂದು ಬರೆದಿದ್ದೀರಾ? ಇಲ್ಲವಾದರೆ ಯಾರಾದರೂ ಮಿಲಿಮೀಟರ್ ಎಂದುಕೊಂಡು 4 ಎಂದು ತುಂಬುತ್ತಾರೆ, ಇಡೀ ದೇಹ ಲಾಂದ್ರವಾಗುತ್ತದೆ.
– ಮಂ.