ಸಹಾಯ ಬೇಕು: ಹಳೆಯ ಕನ್ನಂಬಾಡಿಯ ನಕ್ಷೆ, ಫೋಟೊ

ಎಲ್ಲರಿಗೂ ನಮಸ್ಕಾರ. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಶುರುವಾಗುವ ಮುಂಚಿನ ಕನ್ನಂಬಾಡಿ ಗ್ರಾಮದ ನಕ್ಷೆ ಹುಡುಕುತ್ತಿದ್ದೇನೆ. ಮುತ್ತಜ್ಜನ ಮನೆ, ಗದ್ದೆ ಎರಡೂ ಮುಳುಗಿದವು. ನೀರು ಇಳಿದಾಗ ಕಾಣುತ್ತಿದ್ದ ವೇಣುಗೋಪಾಲಸ್ವಾಮಿ ದೇವಸ್ಥಾನವೂ ಈಗ ಹೊಸ ಕನ್ನಂಬಾಡಿಗೆ ಬಂದಿದೆ. ನಮ್ಮಲ್ಲಿ ಉಳಿದಿರುವುದು ರಟ್ಟಿಗೆ ಅಂಟಿಸಿದ ಒಂದೇ ಫೋಟೊ. ಅಂಚನ್ನೆಲ್ಲ ಗೆದ್ದಲು ತಿಂದಿದೆ, ಹಿಂದೆ ಪೆನ್ಸಿಲ್ಲಿನಲ್ಲಿ ‘ಮೇಲಿನ ಬೀದಿ’ ಎಂದಷ್ಟೇ ಇದೆ.

ಮೈಸೂರಿನ ವಿಭಾಗೀಯ ಪತ್ರಾಗಾರದಲ್ಲಿ ಕಡತ ನೋಡಿದವರು ಇಲ್ಲಿದ್ದೀರಾ? ಭೂಸ್ವಾಧೀನದ ದಾಖಲೆಯನ್ನು ಕಂದಾಯ ಇಲಾಖೆಯ ಕಡತಗಳಲ್ಲಿ ಕೇಳಬೇಕೋ, ಲೋಕೋಪಯೋಗಿಯದರಲ್ಲೋ? ಮೊಬೈಲಿನಲ್ಲಿ ಚಿತ್ರ ತೆಗೆಯಲು ಬಿಡುತ್ತಾರೆಯೇ, ನಕಲಿಗೆ ಅರ್ಜಿ ಹಾಕಬೇಕೇ? ‘ಅಂತರ್ಜಾಲದಲ್ಲಿ ಹುಡುಕಿ’ ಎನ್ನುವ ಸಲಹೆ ದಯವಿಟ್ಟು ಬೇಡ. ಅಲ್ಲಿ ಸಿಗುವುದು ಬೃಂದಾವನದ ಕಾರಂಜಿ ಮಾತ್ರ.

ಹೊಸ ಕನ್ನಂಬಾಡಿಯವರ ಮನೆಯಲ್ಲಿ ಹಳೆಯ ಕಂದಾಯದ ರಸೀದಿ ಇದ್ದರೂ ತಿಳಿಸಿ, ಬಂದು ನೋಡುತ್ತೇನೆ.