ಕುರಾನಿನ ಹತ್ತೊಂಬತ್ತನೇ ಪಾರಾಕ್ಕೆ (ಮೂವತ್ತು ಭಾಗಗಳಲ್ಲಿ ಒಂದು) ಬಂದ ಮೇಲೆ ಒಂಬತ್ತನೆಯದು ಕೈಕೊಡುತ್ತಿದೆ, ಏನು ಮಾಡಲಿ?

ಉದಯಗಿರಿಯ ತಾಯಿ, ಮೈಸೂರು:
ಮಗನಿಗೆ ಹದಿಮೂರು ವರ್ಷ. ಹಿಫ್ಜ್, ಅಂದರೆ ಇಡೀ ಕುರಾನ್ ಬಾಯಿಪಾಠ ಮಾಡುತ್ತಿದ್ದಾನೆ. ಬೆಳಿಗ್ಗೆ ಉಸ್ತಾದರಿಗೆ ಹೊಸ ಸಬಕ್ (ಪಾಠ) ಒಪ್ಪಿಸುತ್ತಾನೆ. ಸಂಜೆಯ ಮಗ್ರಿಬ್ ನಮಾಜ್ ಆದ ಮೇಲೆ ಹಳೆಯದನ್ನು ನಾನು ಕೇಳಿಸಿಕೊಳ್ಳುತ್ತೇನೆ. ನನಗೆ ಬಾಯಿಪಾಠವಿಲ್ಲ. ಚಪಾತಿ ಹಿಟ್ಟು ನಾದಿಟ್ಟು, ಕೈಕಾಲು ಮುಖ ತೊಳೆದು ವುಜೂ ಮಾಡಿ, ರೆಹಲ್ ಎಂಬ ಪುಸ್ತಕಪೀಠದ ಮೇಲಿನ ಪುಟದಲ್ಲಿ ಬೆರಳಿಟ್ಟುಕೊಂಡು ಹಿಂಬಾಲಿಸುತ್ತೇನೆ, ಅಷ್ಟೆ.

ತೊಂದರೆ ಒಂದೇ ಕಡೆ. ಮೂಸಾ ಮತ್ತು ದೊರೆ ಫಿರೌನನ ಕಥೆ 7ನೇ ಸೂರಾದಲ್ಲೂ (ಅಧ್ಯಾಯದಲ್ಲೂ) ಇದೆ, 26ರಲ್ಲೂ ಇದೆ; ಮೊದಲನೆಯದು ಬರುವುದು ಒಂಬತ್ತನೇ ಪಾರಾದಲ್ಲಿ, ಎರಡನೆಯದು ಹತ್ತೊಂಬತ್ತರಲ್ಲಿ. ಮಾಂತ್ರಿಕರನ್ನು ಕರೆಸುವ ಆಯತ್‌ನಲ್ಲಿ (ವಾಕ್ಯದಲ್ಲಿ) ಮೊದಲನೆಯ ಕಡೆ ‘ಸಾಹಿರ್’ (ಮಾಂತ್ರಿಕ) ಎನ್ನಬೇಕು, ಎರಡನೆಯ ಕಡೆ ‘ಸಹ್ಹಾರ್’ (ಮಹಾಮಾಂತ್ರಿಕ). ಇವನು ಏಳರಲ್ಲೇ ‘ಸಹ್ಹಾರ್’ ಎಂದು, ಅಲ್ಲಿಂದ ಜಾರಿ ಇಪ್ಪತ್ತಾರಕ್ಕೆ ಹೋಗಿಬಿಡುತ್ತಾನೆ. ನಾಲ್ಕು ದಿನದಿಂದ ಇದೇ ಗೋಳು. ನಿನ್ನೆ ಸಿಟ್ಟಾಗಿ ಕೇಳಿದ: ‘ಮೂಸಾ ಯಹೂದಿಯರಿಗೂ ಪ್ರವಾದಿಯಲ್ಲವೇ? ಅವರ ಮಕ್ಕಳಿಗೂ ಈ ಕಷ್ಟ ಇದೆಯೋ, ನನಗೊಬ್ಬನಿಗೋ?’ ಎರಡಕ್ಕೂ ಉತ್ತರ ಬೇಕಾಗಿದೆ.

ಗಂಜಾಂ ಹಾಫಿಜ್, ಶ್ರೀರಂಗಪಟ್ಟಣ:
ಅಕ್ಕ, ಹುಡುಗನನ್ನು ಬೈಯಬೇಡಿ. ಕುರಾನ್ ಬಾಯಿಪಾಠ ಮಾಡಿದವರಲ್ಲಿ ಅಲ್ಲಿ ಎಡವದ ಹಾಫಿಜನನ್ನು ನಾನು ಕಂಡಿಲ್ಲ. ಅರ್ಥ ಹೇಳಿಕೊಡಿ. 7ರಲ್ಲಿ ಮೂಸಾನನ್ನು ‘ಇವನು ನಿಪುಣ ಮಾಂತ್ರಿಕ’ ಎನ್ನುವವರು ಫಿರೌನನ ಮುಖಂಡರು. 26ರಲ್ಲಿ ಅದನ್ನು ಫಿರೌನನೇ ಅವರಿಗೆ ಹೇಳುತ್ತಾನೆ. ದೊರೆ ಬಾಯಿಬಿಟ್ಟ ಸೂರಾದಲ್ಲಿ, ಮಾಂತ್ರಿಕರನ್ನು ಕರೆಸುವ ಆಯತ್‌ನ ಪದವೂ ಒತ್ತಿ ಬರುತ್ತದೆ, ಸಹ್ಹಾರ್. ಇದು ನಾನೇ ಮಾಡಿಕೊಂಡ ಗುರುತು, ವ್ಯಾಕರಣವಲ್ಲ.

ಮುಸ್‌ಹಫ್ (ಕುರಾನಿನ ಪ್ರತಿ) ಬದಲಾಯಿಸಬೇಡಿ. ಪುಟಕ್ಕೆ 15 ಸಾಲಿನದಾದರೆ ಕೊನೆಯವರೆಗೂ ಅದೇ ಇರಲಿ. ಆಯತ್ ಪುಟದ ಯಾವ ಮೂಲೆಯಲ್ಲಿದೆ ಎಂಬುದೂ ನೆನಪಿಗೆ ಆಸರೆ. ಮೊಬೈಲಿನಲ್ಲಿ ಸರಿಸುತ್ತ ಓದಿದರೆ ಆ ಮೂಲೆಯೇ ಇರುವುದಿಲ್ಲ.

ನಾನು ಮೊದಲ ಸಲ ತರಾವೀಹ್ (ರಾತ್ರಿಯ ವಿಶೇಷ ನಮಾಜ್) ನಡೆಸಿದ ರಂಜಾನಿನಲ್ಲಿ ಇದೇ ಜಾಗದಲ್ಲಿ ನಿಂತುಬಿಟ್ಟೆ. ಹಿಂದಿನಿಂದ ಹಿರಿಯರೊಬ್ಬರು ಲುಕ್ಮಾ ಕೊಟ್ಟರು. ಲುಕ್ಮಾ ಎಂದರೆ ತುತ್ತು. ಮುಂದಿನ ಪದವನ್ನು ಬಾಯಿಗೆ ಇಟ್ಟಂತೆ.

ನಿವೃತ್ತ ಚರಿತ್ರೆ ಮೇಷ್ಟ್ರು, ಮಂಡ್ಯ:
ತಾಯಿ, ಅವನ ಪ್ರಶ್ನೆ ಚೆನ್ನಾಗಿದೆ. ಯಹೂದಿಯರು ಸಭಾಮಂದಿರದಲ್ಲಿ ಮೂಸಾನ ಗ್ರಂಥ ತೋರಾ ಓದುವುದು ಕೈಬರಹದ ಸುರುಳಿಯಿಂದ. ಅದರಲ್ಲಿ ಸ್ವರಚಿಹ್ನೆಯೂ ಇಲ್ಲ, ರಾಗದ ಗುರುತೂ ಇಲ್ಲ. ಕಾಗುಣಿತ ಬಹುಪಾಲು ಕಿತ್ತುಹಾಕಿದ ಕನ್ನಡವೆಂದುಕೊಳ್ಳಿ. ಓದುವವನು ಮೊದಲೇ ಬಾಯಿಗೆ ತಂದುಕೊಂಡಿರಬೇಕು. ತಪ್ಪಿದರೆ ಪಕ್ಕದಲ್ಲಿ ನಿಂತವರು ತಿದ್ದುತ್ತಾರೆ. ಅಲ್ಲೂ ತುತ್ತು ಉಂಟು! ಅವರು ಧರ್ಮಗ್ರಂಥವನ್ನು ‘ಮಿಕ್ರಾ’ ಎನ್ನುತ್ತಾರೆ. ಕುರಾನ್ ಎಂಬ ಪದದ್ದೂ ಅದೇ ಧಾತು: ಕೂಗಿ ಓದುವುದು.

ಕ್ರೈಸ್ತರಲ್ಲಿ 787ರ ನೈಸಿಯಾ ಧರ್ಮಸಭೆ, ಬಿಷಪ್ ಆಗುವವನಿಗೆ ಬೈಬಲಿನ ಕೀರ್ತನೆಗಳು ಕಂಠಪಾಠವಾಗಿರಲೇಬೇಕು ಎಂದು ವಿಧಿಸಿತು. 150 ಕೀರ್ತನೆಗಳು. ಆದರೆ ಅದು ಬಿಷಪ್ಪರ ಪಾಲಿಗೆ; ಹದಿಮೂರರ ಹುಡುಗ ಇಡೀ ಗ್ರಂಥಕ್ಕೆ ಕೂರುವುದು ನಿಮ್ಮಲ್ಲಿ. ಸಿಟ್ಟು ಬಂದರೆ ಬರಲಿ ಬಿಡಿ.

ಉದಯಗಿರಿಯ ತಾಯಿ, ಮೈಸೂರು:
ದೊರೆಯ ಗುರುತು ಕೆಲಸ ಮಾಡಿತು, ತಮ್ಮಾ. ಈ ಸಂಜೆ ಏಳರಲ್ಲಿ ‘ಸಾಹಿರ್’ ಎಂದೇ ದಾಟಿದ. ಮೇಷ್ಟ್ರೇ, ಬಿಷಪ್ಪರ ವಿಷಯ ಕೇಳಿ ‘150 ಮಾತ್ರವೇ?’ ಎಂದ. ಇಪ್ಪತ್ತಾರಕ್ಕೆ ಬಂದಾಗ ಒಲೆಯ ಕಡೆ ನೋಡುತ್ತ ನಾನೇ ಸಾಲು ತಪ್ಪಿಸಿಕೊಂಡೆ. ಓದು ನಿಲ್ಲಿಸದೆ, ನನ್ನ ಬೆರಳನ್ನು ಹಿಡಿದು ಎರಡು ಸಾಲು ಕೆಳಗೆ ಇಟ್ಟ.