ನಲವತ್ತು ದಾಟಿದ ಮೇಲೆ ಸ್ಪಾರಿಂಗ್: ತಲೆಗೆ ಬೀಳುವ ಪೆಟ್ಟಿನ ಬಗ್ಗೆ ಗೊತ್ತಿರುವವರು ಹೇಳಿ

ಕೇಳಿದ್ದು:

ವಯಸ್ಸು 46, ಊರು ಬೆಂಗಳೂರು. ನಾಲ್ಕು ವರ್ಷದಿಂದ ಬಾಕ್ಸಿಂಗ್ ಕಲಿಯುತ್ತಿದ್ದೇನೆ, ಪಂದ್ಯ ಆಡುವ ಉದ್ದೇಶ ಇಲ್ಲ. ಪ್ರತಿ ಶನಿವಾರ 25–30ರ ಹುಡುಗರ ಜೊತೆ ಮೂರು ನಿಮಿಷದ ಆರು ರೌಂಡ್ ಸ್ಪಾರಿಂಗ್ (ಅಭ್ಯಾಸಕ್ಕೆ ಒಬ್ಬರಿಗೊಬ್ಬರು ಹೊಡೆದಾಡುವುದು). ಇತ್ತೀಚೆಗೆ ಭಾನುವಾರ ಇಡೀ ತಲೆ ಭಾರ, ಸಣ್ಣ ನೋವು. ಹೆಡ್‌ಗಾರ್ಡ್ ಹಾಕುತ್ತೇನೆ, 14 ಔನ್ಸ್ ಗ್ಲೌಸ್. ಬಿಪಿ ಮಾತ್ರೆಯ ಜೊತೆ ಇಕೋಸ್ಪ್ರಿನ್ 75 (ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್ ಮಾತ್ರೆ) ನಡೆಯುತ್ತಿದೆ. ಇನ್ನೂ ಒಳ್ಳೆಯ ಹೆಡ್‌ಗಾರ್ಡ್ ತಗೊಂಡರೆ ಸಾಕಾ, ಸ್ಪಾರಿಂಗೇ ಬಿಡಬೇಕಾ?

ಬಾಕ್ಸಿಂಗ್ ಕೋಚ್:

ಸರ್, ಮೊದಲು ಈ ಶನಿವಾರದ ಸ್ಪಾರಿಂಗ್ ನಿಲ್ಲಿಸಿ. ಮಾರನೆಯ ದಿನವೂ ತಲೆ ಭಾರ ಅಂದರೆ ವೈದ್ಯರು ನೋಡಿ ಅಲ್ಲ ಅನ್ನುವವರೆಗೆ ಅದನ್ನು ಕನ್ಕಶನ್ (ಪೆಟ್ಟಿನಿಂದ ಮಿದುಳು ಅಲುಗಿ ಅದರ ಕೆಲಸ ಏರುಪೇರಾಗುವುದು) ಅಂತಲೇ ಹಿಡಿಯಬೇಕು. ಪ್ರಜ್ಞೆ ತಪ್ಪಿದರೆ ಮಾತ್ರ ಕನ್ಕಶನ್ ಅನ್ನುವ ನಂಬಿಕೆ ಜಿಮ್‌ಗಳಲ್ಲಿ ಇನ್ನೂ ಇದೆ. ಅದು ತಪ್ಪು. ಹೆಚ್ಚಿನ ಕನ್ಕಶನ್‌ಗಳಲ್ಲಿ ಪ್ರಜ್ಞೆ ತಪ್ಪುವುದೇ ಇಲ್ಲ.

ಹೆಡ್‌ಗಾರ್ಡ್ ಹುಬ್ಬು ಸೀಳುವುದನ್ನು, ಕಿವಿ ಜಜ್ಜುವುದನ್ನು ತಡೆಯುತ್ತದೆ, ತಲೆ ನೆಲಕ್ಕೆ ಬಡಿದಾಗಲೂ ಸ್ವಲ್ಪ ಕಾಯುತ್ತದೆ. ಆದರೆ ಹುಕ್ (ಬದಿಯಿಂದ ಬೀಸುವ ಪಂಚ್) ಬಿದ್ದಾಗ ತಲೆ ಗಿರಕ್ಕನೆ ತಿರುಗುವುದನ್ನು ತಡೆಯಲಾರದು, ಮಿದುಳಿಗೆ ಹೆಚ್ಚು ಕೆಡುಕು ಮಾಡುವುದು ಆ ತಿರುಗುವಿಕೆಯೇ. 1984ರ ಒಲಿಂಪಿಕ್ಸ್‌ನಲ್ಲಿ ಬಂದ ಹೆಡ್‌ಗಾರ್ಡನ್ನು ಹಿರಿಯ ಪುರುಷರ ಪಂದ್ಯಗಳಿಂದ 2013ರಲ್ಲಿ ತೆಗೆದರು, 2016ರ ರಿಯೋದಲ್ಲಿ ಪುರುಷರು ಬರಿತಲೆಯಲ್ಲೇ ಆಡಿದರು. ಆ ನಿರ್ಧಾರದ ಬಗ್ಗೆ ವಾದ ಇನ್ನೂ ಇದೆ. ಆದರೆ ಹೆಡ್‌ಗಾರ್ಡ್ ಕನ್ಕಶನ್ ತಡೆಯುತ್ತದೆ ಅನ್ನುವ ಭರವಸೆ ಇದ್ದಿದ್ದರೆ ಯಾರೂ ಅದನ್ನು ತೆಗೆಯುತ್ತಿರಲಿಲ್ಲ. ಕೆನ್ನೆ ಮುಚ್ಚುವ ದಪ್ಪ ಹೆಡ್‌ಗಾರ್ಡ್ ಬದಿಯ ನೋಟವನ್ನೂ ಕಸಿಯುತ್ತದೆ, ಹುಕ್ ಬರುವುದು ಆ ಬದಿಯಿಂದಲೇ. ಹಾಕಿಕೊಂಡ ಮೇಲೆ ತಲೆಯನ್ನು ಎಡಬಲಕ್ಕೆ ಜೋರಾಗಿ ಅಲ್ಲಾಡಿಸಿ ನೋಡಿ. ಒಂದು ಬೆರಳಗಲ ಜಾರಿದರೂ ಆ ಅಳತೆ ನಿಮ್ಮದಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಅಂದರೆ, ಹೆಡ್‌ಗಾರ್ಡ್ ಹಾಕಿದ ಕೂಡಲೇ ಇಬ್ಬರೂ ಜೋರಾಗಿ ಹೊಡೆಯುತ್ತಾರೆ. ನಿಮ್ಮ ಶನಿವಾರಗಳ ತೊಂದರೆ ಅಲ್ಲೇ ಇದೆ ಅನ್ನಿಸುತ್ತದೆ.

ನರಶಸ್ತ್ರಚಿಕಿತ್ಸಕಿ:

ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇಕೋಸ್ಪ್ರಿನ್.

ವಯಸ್ಸಾದಂತೆ ಮಿದುಳು ನಿಧಾನವಾಗಿ ಕುಗ್ಗುತ್ತದೆ, ತಲೆಬುರುಡೆ ಹಾಗೇ ಇರುತ್ತದೆ. ಮಿದುಳಿನ ಮೇಲ್ಮೈಯಿಂದ ಹೊರಪೊರೆಯ ದೊಡ್ಡ ರಕ್ತನಾಳಕ್ಕೆ ದಾಟುವ ಸಣ್ಣ ಅಭಿಧಮನಿಗಳಿವೆ. ನಡುವಿನ ಜಾಗ ಹೆಚ್ಚಿದಂತೆ ಅವು ಬಿಗಿಯಾಗಿ ಎಳೆದುಕೊಂಡಿರುತ್ತವೆ. ತಲೆ ಥಟ್ಟನೆ ತಿರುಗಿದಾಗ ಅವುಗಳಲ್ಲಿ ಒಂದು ಹರಿದರೆ ಹೊರಪೊರೆಯ ಕೆಳಗೆ ರಕ್ತ ಸೋರುತ್ತದೆ. ಇದೇ ಸಬ್‌ಡ್ಯೂರಲ್ ರಕ್ತಸ್ರಾವ, ರಿಂಗ್‌ನಲ್ಲಿ ಆಗುವ ಸಾವುಗಳಿಗೆ ಮುಖ್ಯ ಕಾರಣ. ಇಕೋಸ್ಪ್ರಿನ್, ಕ್ಲೋಪಿಡೋಗ್ರೆಲ್ ತರಹದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಆ ಸೋರಿಕೆ ಸುಲಭವಾಗಿ ನಿಲ್ಲುವುದಿಲ್ಲ. ರಕ್ತ ಹೆಪ್ಪುಗಟ್ಟುವುದನ್ನು ಇನ್ನೂ ಬಲವಾಗಿ ತಡೆಯುವ ಅಸಿಟ್ರೋಮ್, ವಾರ್ಫರಿನ್, ಅಪಿಕ್ಸಾಬಾನ್, ರಿವರಾಕ್ಸಾಬಾನ್ ತೆಗೆದುಕೊಳ್ಳುವವರ ತಲೆಗೆ ಒಂದು ಪಂಚ್ ಕೂಡ ಬೀಳಬಾರದು. ಇಕೋಸ್ಪ್ರಿನ್ ಮಾತ್ರ ಇದ್ದವರಿಗೂ ನನ್ನ ಸಲಹೆ ಅದೇ.

ಹಾಗಂತ ಸ್ಪಾರಿಂಗ್‌ಗೋಸ್ಕರ ಮಾತ್ರೆ ಬಿಡಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ನಾಲ್ಕು ದಿನ ಬಿಟ್ಟರೂ ಹೃದಯಾಘಾತಕ್ಕೆ ದಾರಿ ಆಗಬಹುದು. ಬರೆದುಕೊಟ್ಟ ವೈದ್ಯರ ಹತ್ತಿರ ಹೋಗಿ, ನಾನು ಬಾಕ್ಸಿಂಗ್ ಮಾಡುತ್ತೇನೆ, ತಲೆಗೆ ಪೆಟ್ಟು ಬೀಳುತ್ತದೆ ಅಂತ ಬಾಯಿಬಿಟ್ಟು ಹೇಳಿ, ಈ ಮಾತ್ರೆ ಯಾಕೆ ಬೇಕು ಅಂತ ಕೇಳಿ. ಬರಿ ‘ವ್ಯಾಯಾಮ ಮಾಡ್ತೀನಿ’ ಅಂದರೆ ಅವರು ವಾಕಿಂಗ್ ಅಂದುಕೊಳ್ಳುತ್ತಾರೆ.

ಸೋರಿಕೆ ಎರಡು ಥರ. ವೇಗದ್ದು ಗಂಟೆಗಳಲ್ಲಿ ಗೊತ್ತಾಗುತ್ತದೆ: ಏರುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಮಂಪರು, ತೊದಲು, ಒಂದು ಕೈ ಅಥವಾ ಕಾಲಿನಲ್ಲಿ ಬಲ ಇಲ್ಲದಿರುವುದು, ಫಿಟ್ಸ್, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು. ಇದರಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಮತ್ತು ನರಶಸ್ತ್ರಚಿಕಿತ್ಸೆ ಎರಡೂ ಇರುವ ಆಸ್ಪತ್ರೆಗೇ ಹೋಗಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ತುರ್ತು ವಿಭಾಗ ಹಗಲೂ ರಾತ್ರಿ ತೆರೆದಿರುತ್ತದೆ. ಹತ್ತಿರದ ಕ್ಲಿನಿಕ್‌ನಲ್ಲಿ ತಲೆಯ ಎಕ್ಸ್‌ರೇ ತೆಗೆಸಿ ಕಾಲ ಕಳೆಯಬೇಡಿ, ಅದರಲ್ಲಿ ಮಿದುಳು ಕಾಣುವುದೇ ಇಲ್ಲ.

ನಿಧಾನದ ಸೋರಿಕೆ ವಯಸ್ಸಾದವರದ್ದು, ಮೋಸ ಮಾಡುವಂಥದ್ದು. ಪೆಟ್ಟು ಬಿದ್ದು ಎರಡು ಮೂರು ವಾರ, ಕೆಲವೊಮ್ಮೆ ಅದಕ್ಕೂ ತಡವಾಗಿ ತಲೆನೋವು, ನಡೆಯುವಾಗ ಒಂದು ಕಡೆಗೆ ವಾಲುವುದು, ಹೆಸರು ಮರೆಯುವುದು, ಸುಮ್ಮಸುಮ್ಮನೆ ಸಿಡುಕು. ಅಷ್ಟು ಹೊತ್ತಿಗೆ ಪೆಟ್ಟು ಬಿದ್ದದ್ದೇ ಮರೆತಿರುತ್ತದೆ. ಅದಕ್ಕೇ ಸ್ಪಾರಿಂಗ್ ಮಾಡಿದ ತಾರೀಖು ಕ್ಯಾಲೆಂಡರ್‌ನಲ್ಲಿ ಬರೆದಿಡಿ, ಮನೆಯವರಿಗೂ ಈ ಲಕ್ಷಣಗಳನ್ನು ಹೇಳಿಡಿ. ನಿಮ್ಮ ಭಾನುವಾರದ ತಲೆ ಭಾರ ಈಗ ಸೋಮವಾರಕ್ಕೂ ಚಾಚುತ್ತಿದ್ದರೆ, ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ ಸ್ಕ್ಯಾನ್ ಬಗ್ಗೆ ವೈದ್ಯರನ್ನು ಇದೇ ವಾರ ಕೇಳಿ. ಸ್ಕ್ಯಾನ್ ಸರಿ ಇದೆ ಅಂದರೆ ಸದ್ಯಕ್ಕೆ ರಕ್ತಸ್ರಾವ ಕಾಣುತ್ತಿಲ್ಲ ಅಂತ ಅಷ್ಟೇ ಅರ್ಥ. ಕನ್ಕಶನ್ ಸ್ಕ್ಯಾನ್‌ನಲ್ಲಿ ಕಾಣದು.

ಪೆಟ್ಟು ಬಿದ್ದ ಮೊದಲ ಎರಡು ದಿನ ನೋವಿಗೆ ಪ್ಯಾರಸಿಟಮಾಲ್ ಮಾತ್ರ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ. ಆ ರಾತ್ರಿ ಮದ್ಯ ಬೇಡವೇ ಬೇಡ, ಮಂಪರು ಯಾವುದರಿಂದ ಅಂತ ಗೊತ್ತಾಗದೆ ಹೋಗುತ್ತದೆ. ಬೈಕ್ ಓಡಿಸಿಕೊಂಡು ಮನೆಗೆ ಹೋಗುವುದೂ ಬೇಡ.

ರಿಂಗ್‌ಸೈಡ್ ವೈದ್ಯ:

ಮೇಲಿನವರು ರಕ್ತಸ್ರಾವದ ಬಗ್ಗೆ ಹೇಳಿದ್ದಾರೆ. ನಾನು ಲಕ್ಷಣವೇ ಇಲ್ಲದ ಪೆಟ್ಟುಗಳ ಬಗ್ಗೆ ಹೇಳುತ್ತೇನೆ. ಸ್ವೀಡನ್‌ನಲ್ಲಿ 30 ಮಂದಿ ಒಲಿಂಪಿಕ್ ಶೈಲಿಯ ಬಾಕ್ಸರ್‌ಗಳ ಬೆನ್ನುಹುರಿ ದ್ರವವನ್ನು ಪಂದ್ಯದ ನಂತರ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಕನ್ಕಶನ್‌ನ ಲಕ್ಷಣ ಇಲ್ಲದಿದ್ದರೂ ಹೆಚ್ಚಿನವರಲ್ಲಿ ನರತಂತುಗಳಿಗೆ ಪೆಟ್ಟಾದ ಗುರುತಿನ ಪ್ರೋಟೀನ್‌ಗಳು ಏರಿದ್ದವು. ಪಂದ್ಯ ವರ್ಷಕ್ಕೆ ಹತ್ತೋ ಹನ್ನೆರಡೋ, ಸ್ಪಾರಿಂಗ್ ವಾರವಾರ. ಒಬ್ಬ ಹವ್ಯಾಸಿಯ ತಲೆಗೆ ಬೀಳುವ ಪೆಟ್ಟುಗಳಲ್ಲಿ ಬಹುಪಾಲು ಜಿಮ್‌ನಲ್ಲೇ ಬೀಳುತ್ತವೆ. ಅಲ್ಲಿ ರೆಫರಿಯೂ ಇಲ್ಲ, ವೈದ್ಯನೂ ಇಲ್ಲ.

ಅಂತರರಾಷ್ಟ್ರೀಯ ಹವ್ಯಾಸಿ ಬಾಕ್ಸಿಂಗ್‌ನ ವೈದ್ಯಕೀಯ ನಿಯಮ ತಲೆಗೆ ಪೆಟ್ಟು ಬಿದ್ದು ಪಂದ್ಯ ನಿಂತರೆ, ಪ್ರಜ್ಞೆ ತಪ್ಪದಿದ್ದರೂ, ಕನಿಷ್ಠ 30 ದಿನ ವಿಶ್ರಾಂತಿ ಕೊಡುತ್ತದೆ. ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು ಪ್ರಜ್ಞೆ ತಪ್ಪಿದ್ದರೆ 90 ದಿನ, ಅದಕ್ಕಿಂತ ಹೆಚ್ಚಾದರೆ 180 ದಿನ. ಆ ದಿನಗಳಲ್ಲಿ ಸ್ಪಾರಿಂಗ್ ಕೂಡ ಇಲ್ಲ. ಇದು ಇಪ್ಪತ್ತರ ಹುಡುಗರಿಗೆ ಹಾಕಿದ ಲೆಕ್ಕ. 46ಕ್ಕೆ ಇದನ್ನು ಕನಿಷ್ಠ ಅಂತಲೇ ತಿಳಿಯಿರಿ.

ಪೆಟ್ಟು ಬಿದ್ದ ಮೊದಲ 24ರಿಂದ 48 ಗಂಟೆ ಮನೆಯೊಳಗಿನ ಓಡಾಟ ಸಾಕು, ಫೋನ್ ನೋಡುವುದು ಕಡಿಮೆ ಮಾಡಿ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಬೇಕಿಲ್ಲ, ಅದರಿಂದ ಚೇತರಿಕೆ ತಡವಾಗುತ್ತದೆ. ಆಮೇಲೆ ನಡಿಗೆ ಅಥವಾ ಸೈಕಲ್, ಗರಿಷ್ಠ ಹೃದಯಬಡಿತದ ಶೇ. 55ರವರೆಗೆ, ನಂತರ ಶೇ. 70ರವರೆಗೆ. ನಿಮ್ಮ ವಯಸ್ಸಿಗೆ ಸ್ಥೂಲವಾಗಿ 96 ಮತ್ತು 122. ಆದರೆ ಬಿಪಿ ಮಾತ್ರೆ ಮೆಟೊಪ್ರೊಲಾಲ್ ಅಥವಾ ಅಟೆನೊಲಾಲ್ ಗುಂಪಿನದ್ದಾದರೆ ಬಡಿತ ಅಷ್ಟಾಗಿ ಏರುವುದಿಲ್ಲ, ವಾಚ್ ನಂಬಬೇಡಿ. ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯಾ ಅಂತ ನೋಡಿಕೊಳ್ಳಿ. ನಂತರ ಶ್ಯಾಡೋ (ಎದುರಾಳಿ ಇಲ್ಲದೆ ಗಾಳಿಯಲ್ಲಿ ಪಂಚ್ ಮಾಡುವುದು), ಸ್ಕಿಪ್ಪಿಂಗ್. ಆಮೇಲೆ ಬ್ಯಾಗ್, ಪ್ಯಾಡ್ಸ್ (ಕೋಚ್ ಕೈಯಲ್ಲಿ ಹಿಡಿದ ಮೆತ್ತೆಗೆ ಹೊಡೆಯುವುದು). ಒಂದೊಂದು ಹಂತಕ್ಕೂ ಕನಿಷ್ಠ ಒಂದು ದಿನ. ಹತ್ತರ ಅಳತೆಯಲ್ಲಿ ತಲೆನೋವು ಎರಡಕ್ಕಿಂತ ಹೆಚ್ಚು ಏರಿದರೆ, ಅಥವಾ ಏರಿದ್ದು ಒಂದು ಗಂಟೆಯಲ್ಲಿ ಇಳಿಯದಿದ್ದರೆ ಅಂದಿಗೆ ನಿಲ್ಲಿಸಿ. ಬ್ಯಾಗ್, ಪ್ಯಾಡ್ಸ್ ಹಂತಕ್ಕೆ ಬರುವ ಹೊತ್ತಿಗೆ ಲಕ್ಷಣ ಪೂರ್ತಿ ಹೋಗಿರಬೇಕು, ಎದುರಾಳಿಯ ಮುಂದೆ ನಿಲ್ಲುವ ಮೊದಲು ವೈದ್ಯರ ಒಪ್ಪಿಗೆ ಬೇಕು.

ಇನ್ನೊಂದು ಮಾತು, ಸಕ್ಕರೆ ಕಾಯಿಲೆ ಇರುವವರಿಗೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಮೂರನೇ ರೌಂಡ್‌ನಲ್ಲಿ ತಡವರಿಸಿದರೆ ಅದು ಪೆಟ್ಟೂ ಇರಬಹುದು, ಶುಗರ್ ಇಳಿದದ್ದೂ ಇರಬಹುದು. ಗ್ಲುಕೋಮೀಟರ್ ಬ್ಯಾಗ್‌ನಲ್ಲಿರಲಿ. 70ಕ್ಕಿಂತ ಕೆಳಗಿದ್ದರೆ ಸಕ್ಕರೆ ನೀರು ಕೊಡಿ. ಅದು ಸರಿಹೋದ ಮೇಲೂ ಮಂಕು ಹೋಗದಿದ್ದರೆ ತಲೆಯ ಪೆಟ್ಟು ಅಂತಲೇ ಹೊರಡಿ.

ಬಾಕ್ಸಿಂಗ್ ಕೋಚ್:

ಡಾಕ್ಟರ್ ಹೇಳಿದ ಮೇಲೆ ಇವರ ವಿಷಯದಲ್ಲಿ ನನ್ನದೂ ಅದೇ ಮಾತು, ಇಕೋಸ್ಪ್ರಿನ್ ಇರುವವರೆಗೆ ತಲೆಗೆ ಗುರಿಯಿಟ್ಟ ಪಂಚ್ ಇಲ್ಲ. ಆದರೆ ರಕ್ತ ತೆಳು ಮಾಡುವ ಮಾತ್ರೆ ಇಲ್ಲದ, ನಲವತ್ತು ದಾಟಿದ ಎಲ್ಲರಿಗೂ ಸ್ಪಾರಿಂಗ್ ಪೂರ್ತಿ ಬಿಡಿ ಅನ್ನಲಾರೆ. ಹೇಗೆ ಮಾಡುತ್ತೀರಿ ಅನ್ನುವುದರ ಮೇಲಿದೆ.

ಮೂರು ನಿಮಿಷದ ಆರು ರೌಂಡ್ ನಲವತ್ತು ದಾಟಿದವರಿಗೆ ಬೇಡವೇ ಬೇಡ. ಎರಡು ನಿಮಿಷದ ಮೂರು ಸಾಕು. ಅದನ್ನು ವಾರ್ಮ್‌ಅಪ್ ಆದ ಕೂಡಲೇ ಮಾಡಿ, ಬ್ಯಾಗ್ ಹೊಡೆದು ಸುಸ್ತಾದ ಮೇಲಲ್ಲ. ಸುಸ್ತಾದಾಗ ಬಲಗೈ ಗಲ್ಲದಿಂದ ನಾಲ್ಕು ಬೆರಳು ಕೆಳಗಿಳಿಯುತ್ತದೆ, ಪಂಚ್ ಕಂಡರೂ ಕತ್ತಿಗೆ ಬಿಗಿ ಬರುವುದಿಲ್ಲ. ಕಾಣದ ಪಂಚ್, ಬಿಗಿಯಿಲ್ಲದ ಕತ್ತು, ಇವೆರಡೂ ಸೇರಿದಾಗಲೇ ಜನ ಬೀಳುವುದು.

ಹೆಚ್ಚಿನ ವಾರ ಬಾಡಿ ಸ್ಪಾರಿಂಗ್ ಮಾಡಿ, ಭುಜದಿಂದ ಕೆಳಗೆ ಮಾತ್ರ. ಕಾಲು, ದೂರ, ಟೈಮಿಂಗ್ ಎಲ್ಲಕ್ಕೂ ಕೆಲಸ ಸಿಗುತ್ತದೆ. ಬಗ್ಗಿದಾಗ ತಲೆಗೆ ತಲೆ ಬಡಿಯದ ಹಾಗೆ ಹಣೆಯನ್ನು ಎದುರಾಳಿಯ ಭುಜದ ಹೊರಬದಿಗೆ ಇಡಿ. ಇನ್ನೊಂದು, ಒಬ್ಬರು ಜಾಬ್ (ಮುಂದಿನ ಕೈಯ ನೇರ ಪಂಚ್) ಮಾತ್ರ ಎಸೆಯುವುದು, ಇನ್ನೊಬ್ಬರು ತಡೆಯುವುದು, ಒಂದು ನಿಮಿಷಕ್ಕೆ ಅದಲುಬದಲು. ಜಾಬ್ ಹಣೆಯ ಮುಂದೆ ಹಿಡಿದ ಗ್ಲೌಸ್‌ಗೆ ತಾಗಲಿ. ತಲೆಗೆ ಹುಕ್, ಓವರ್‌ಹ್ಯಾಂಡ್ (ಮೇಲಿಂದ ಬೀಸುವುದು), ಅಪ್ಪರ್‌ಕಟ್ (ಕೆಳಗಿಂದ ಮೇಲಕ್ಕೆ ಹೊಡೆಯುವುದು) ಮೂರೂ ನಿಷಿದ್ಧ, ‘ಮೆಲ್ಲಗೆ’ ಅನ್ನುವ ವಿನಾಯಿತಿಯೂ ಬೇಡ. ಮೆಲ್ಲಗೆ ಅಂದದ್ದು ಎರಡನೇ ರೌಂಡ್‌ಗೆ ಜೋರಾಗುತ್ತದೆ. ಇಬ್ಬರೂ ಒಟ್ಟಿಗೆ ಮುಂದೆ ಹೆಜ್ಜೆ ಇಟ್ಟರೆ ಮೆಲ್ಲಗಿನ ಪಂಚ್‌ಗೂ ಹೆಚ್ಚು ಬಲ ಬರುತ್ತದೆ.

ಜೊತೆಗಾರರನ್ನು ನೋಡಿ ಆರಿಸಿ. ತೂಕದಲ್ಲಿ ಐದು ಕೆಜಿ ಒಳಗಿನ ವ್ಯತ್ಯಾಸ, ನಿಮಗಿಂತ ಹೆಚ್ಚು ಅನುಭವ. ಆರು ತಿಂಗಳು ಕಲಿತ 25ರ ಹುಡುಗನೇ ಎಲ್ಲರಿಗಿಂತ ಅಪಾಯ. ದ್ವೇಷದಿಂದಲ್ಲ, ಅವನಿಗೆ ಇನ್ನೂ ಕೈ ತಡೆಯಲು ಬರುವುದಿಲ್ಲ. ಮೂರನೆಯವರೊಬ್ಬರು ಸೀಟಿ ಹಿಡಿದು ಹೊರಗೆ ನಿಂತಿರಲಿ. ಯಾರದ್ದೇ ತಲೆ ಹಿಂದಕ್ಕೆ ಒಗೆದದ್ದು ಕಂಡರೆ ಅಲ್ಲಿಗೆ ಆ ದಿನದ ಸ್ಪಾರಿಂಗ್ ಮುಗಿಯಿತು. ಫೋನ್‌ನಲ್ಲಿ ವಿಡಿಯೊ ಮಾಡಿ ಆಮೇಲೆ ತಲೆಗೆ ಬಿದ್ದದ್ದನ್ನು ಎಣಿಸಿ. ಆಡುವಾಗ ನೆನಪಿರುವುದಕ್ಕಿಂತ ಹೆಚ್ಚೇ ಸಿಗುತ್ತದೆ.

ಗ್ಲೌಸ್ 16 ಔನ್ಸ್, ಅಂದರೆ ಒಂದೊಂದಕ್ಕೆ ಸುಮಾರು 450 ಗ್ರಾಂ. ಬ್ಯಾಗ್‌ಗೂ ಸ್ಪಾರಿಂಗ್‌ಗೂ ಒಂದೇ ಜೋಡಿ ಬೇಡ, ಬ್ಯಾಗ್ ಹೊಡೆದು ಫೋಮ್ ಸತ್ತಿರುತ್ತದೆ. ಗೆಣ್ಣಿನ ಮೇಲೆ ಹೆಬ್ಬೆರಳಿನಿಂದ ಒತ್ತಿ. ಒಳಗಿನ ಗೆಣ್ಣು ಕೈಗೆ ಸಿಕ್ಕಿದರೆ ಆ ಗ್ಲೌಸ್ ಇನ್ನೊಬ್ಬರ ಮುಖಕ್ಕಲ್ಲ.

ಫಿಸಿಯೋಥೆರಪಿಸ್ಟ್:

ಕತ್ತಿನ ಬಗ್ಗೆ. ಗಟ್ಟಿ ಕತ್ತು ತಲೆಯ ಜರ್ಕ್ ಸ್ವಲ್ಪ ಕಡಿಮೆ ಮಾಡಬಹುದು, ಕನ್ಕಶನ್ ತಡೆಯುತ್ತದೆ ಅಂತ ನಂಬಿ ಕೂರಬೇಡಿ. ಗರಡಿಯಲ್ಲಿ ಪೈಲ್ವಾನರು ಮಾಡುವ ತಲೆ ಊರಿದ ಬ್ರಿಡ್ಜ್ ನಲವತ್ತರ ಮೇಲೆ ಹೊಸದಾಗಿ ಶುರು ಮಾಡಬೇಡಿ, ಆ ವಯಸ್ಸಿಗೆ ಕತ್ತಿನ ಮೂಳೆ ಸವೆತ ಸಾಮಾನ್ಯ. ಅಂಗೈಯನ್ನು ಹಣೆಗೆ, ತಲೆಯ ಹಿಂಬದಿಗೆ, ಎರಡೂ ಪಕ್ಕಕ್ಕೆ ಒತ್ತಿ, ತಲೆ ಅಲ್ಲಾಡದಂತೆ ತಡೆಯಿರಿ. ಒಂದೊಂದು ದಿಕ್ಕಿಗೆ 10 ಸೆಕೆಂಡ್, ಐದು ಸಲ, ವಾರಕ್ಕೆ ಮೂರು ದಿನ. ಪೂರ್ತಿ ಬಲದ ಅರ್ಧದಿಂದ ಶುರು ಮಾಡಿ, ಉಸಿರು ಬಿಗಿ ಹಿಡಿಯಬೇಡಿ, ಬಿಪಿ ಏರುತ್ತದೆ. ತೋಳಿಗೆ ಜುಮುಜುಮು ಇಳಿದರೆ ನಿಲ್ಲಿಸಿ ತೋರಿಸಿ.

ಆರೋಗ್ಯ ಸರಿ ಇರುವ ದಿನ ನಿಮ್ಮ ಬೇಸ್‌ಲೈನ್ ಬರೆದಿಡಿ. ನೆಲದ ಮೇಲೆ ಮೂರು ಮೀಟರ್ ಟೇಪ್ ಅಂಟಿಸಿ, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಹೋಗಿ ತಿರುಗಿ ಬನ್ನಿ, ಸಮಯ ಬರೆಯಿರಿ. ತಿಂಗಳುಗಳ ಹೆಸರು ಡಿಸೆಂಬರಿನಿಂದ ಹಿಂದಕ್ಕೆ ಹೇಳಿ, ಅದನ್ನೂ ಬರೆಯಿರಿ. ಪೆಟ್ಟು ಬಿದ್ದ ದಿನ ಇದರ ಜೊತೆ ಹೋಲಿಸಿ ನೋಡಬಹುದು. ಆದರೆ ಇದು ಚೆನ್ನಾಗಿ ಬಂತು ಅಂತ ವಾಪಸ್ ರಿಂಗ್‌ಗೆ ಇಳಿಯುವ ಹಾಗಿಲ್ಲ.

ಹಳೆಯ ರೆಫರಿ:

ನೆಲದ ಬಗ್ಗೆ ಯಾರೂ ಹೇಳಲಿಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಪೆಟ್ಟು ತಿಂದು ಬಿದ್ದ ಮೈಸೂರಿನ 23ರ ಯುವಕ ತೀರಿಕೊಂಡದ್ದು ನೆನಪಿರಬಹುದು. ಬೀಳುವವನಿಗೆ ಎರಡು ಪೆಟ್ಟು, ಮೊದಲನೆಯದು ಕೈಯಿಂದ, ಎರಡನೆಯದು ನೆಲದಿಂದ. ರಿಂಗ್‌ನಲ್ಲಿ ಕ್ಯಾನ್‌ವಾಸ್ ಕೆಳಗೆ ಹಲಗೆಯ ಮೇಲೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಫೆಲ್ಟ್ ಅಥವಾ ರಬ್ಬರ್ ಇರಬೇಕು. ಟೈಲ್ಸ್ ಮೇಲೆ ತೆಳು ಯೋಗ ಮ್ಯಾಟ್ ಹಾಸಿದ ಜಾಗದಲ್ಲಿ, ಕಂಬ, ಕನ್ನಡಿ, ಡಂಬೆಲ್ ರ‍್ಯಾಕ್ ಪಕ್ಕದಲ್ಲಿ ಬಾಡಿ ಸ್ಪಾರಿಂಗ್ ಕೂಡ ಬೇಡ. ಬೆವರು ಬಿದ್ದ ಜಾಗವನ್ನು ರೌಂಡ್ ಮಧ್ಯೆ ಒರೆಸಿ.

ಕೇಳಿದವರು:

ಎಲ್ಲರಿಗೂ ಧನ್ಯವಾದ. ಹೃದ್ರೋಗ ವೈದ್ಯರ ಅಪಾಯಿಂಟ್‌ಮೆಂಟ್ ತಗೊಂಡೆ. ಶನಿವಾರ ಹುಡುಗರು ಕರೆದರೆ ಏನು ಹೇಳಲಿ?

ಬಾಕ್ಸಿಂಗ್ ಕೋಚ್:

ಗ್ಲೌಸ್ ತೊಟ್ಟ ಮೇಲೆ ಹೇಳಬೇಡಿ, ಗುರುವಾರವೇ ನಿಮ್ಮ ಕೋಚ್‌ಗೆ ಹೇಳಿ: ‘ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ದೀನಿ, ತಲೆಗೆ ಸ್ಪಾರಿಂಗ್ ಇಲ್ಲ.’ ಅಷ್ಟೇ ಸಾಕು. ಈ ಶನಿವಾರ ತಲೆ ಹಗುರಾಗಿದ್ದರೆ ಸೀಟಿ ನೀವೇ ಹಿಡಿದು ಹೊರಗೆ ನಿಲ್ಲಿ, ಆ ಹುಡುಗರ ತಲೆಯನ್ನೂ ಯಾರಾದರೂ ನೋಡಬೇಕಲ್ಲ. ವೈದ್ಯರು ಒಪ್ಪಿದ ಮೇಲೆ ಪ್ಯಾಡ್ಸ್‌ಗೆ ಬನ್ನಿ.